ಸಟ್ಟುಗ ಮುರಿದ ಮೀನು

ಪದ್ಮಜಾ ನೆಟ್ಟಗೆ ಒಂದು ಕಡೆ ಕೂತಿದ್ದನ್ನು ಕಂಡವರು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಯಾರೂ ಇರಲಿಲ್ಲ. ಊಟಕ್ಕೆ ಕರೆದರೆ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಓಡಾಡುವಳು. ಫೋನು ಬಂದರೆ ಅದರ ಸುರುಳಿ ತಂತಿ ಎಷ್ಟು ದೂರ ಎಳೆಯುತ್ತದೋ ಅಷ್ಟು ದೂರ ನಡೆಯುವಳು. ಯಾರ ಮನೆಯಲ್ಲಾದರೂ ಸತ್ಯನಾರಾಯಣ ಪೂಜೆಯಿದ್ದರೆ ಕಥೆಯ ಮಧ್ಯದಲ್ಲಿ ಅಡುಗೆಮನೆಯಲ್ಲಿ ಏನೋ ಹೊತ್ತಿದ ವಾಸನೆ ಬಂತು ಎಂದು ಎದ್ದು ಹೋಗುವಳು. ಏನೂ ಹೊತ್ತಿರುತ್ತಿರಲಿಲ್ಲ. ಎಲ್ಲರಿಗೂ ಅದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸರಿಯಾದ ಕಾಲಿದ್ದವಳು ಹೀಗೆ ಸುತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪದ್ಮಜಾಳ ಎಡಗಾಲು ಕುಂಟು. ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದು, ಅಲ್ಲೇ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸವದತ್ತಿ ಹತ್ತಿರ ಮಲಪ್ರಭೆಗೆ ಕಟ್ಟುತ್ತಿದ್ದ ಆಣೆಕಟ್ಟಿನಲ್ಲಿ ಎಂಜಿನಿಯರ್ ಆಗಿದ್ದ ಜಯತೀರ್ಥನನ್ನು ಮದುವೆಯಾಗಿ, ೧೯೬೯ರಲ್ಲಿ ಅವನ ಹಿಂದೆ ನ್ಯೂಜೆರ್ಸಿಗೆ ಬಂದವಳು ಅವಳು. ಬಂದ ಎರಡನೆಯ ಚಳಿಗಾಲದಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲ ಮುಂದೆ, ಒದ್ದೆ ನೆಲವೆಂದು ತಿಳಿದು ಕಾಲಿಟ್ಟದ್ದು ಮಂಜುಗಡ್ಡೆಯಾಗಿತ್ತು. ಎಡಗಾಲಿನ ಹರಡು ಮುರಿಯಿತು. ಡಾಕ್ಟರು ಒಳಗೆ ಮೊಳೆ ಹೊಡೆದು ಕೂಡಿಸಿದರು. ಕೂಡಿದ್ದೇನೋ ನಿಜ, ಆದರೆ ಪಾದ ಸ್ವಲ್ಪ ಒಳಕ್ಕೆ ತಿರುಗಿಕೊಂಡು ಹಾಗೇ ನಿಂತುಬಿಟ್ಟಿತು.

ಅಂದಿನಿಂದ ಅವಳನ್ನು ಕೂರಿಸಲು ಜಯತೀರ್ಥನ ಬಾಯಲ್ಲಿ ಒಂದೇ ಮಾತು: "ಪದ್ದೂ, ಕೂಡು." ಬೆಳಿಗ್ಗೆ ನ್ಯೂಯಾರ್ಕಿನ ಬಸ್ಸಿಗೆ ಹೊರಡುವ ಮುಂಚೆ ಒಮ್ಮೆ, ಸಂಜೆ ಬಂದು ಕೋಟು ಬಿಚ್ಚುವ ಮುಂಚೆ ಒಮ್ಮೆ. ರೊಟ್ಟಿ ಬಡಿಯುವಾಗಲೂ ಅವಳು ನಿಲ್ಲಬಾರದೆಂದು ಕೆಂಪು ರೆಕ್ಸಿನ್ ಹೊದಿಸಿದ ಎತ್ತರದ ಒಂದು ಸ್ಟೂಲು ತಂದು ಒಲೆಯ ಮುಂದೆ ಇಟ್ಟ. ಪಾಪದ ಮನುಷ್ಯ, ಹೆಂಡತಿಯ ಮೇಲೆ ಜೀವ ಇಟ್ಟುಕೊಂಡವನು. ಅವಳು ಬಿದ್ದ ದಿನ ತಾನು ಮುಂದೆ ಮುಂದೆ ನಡೆದುಹೋಗಿದ್ದೆ, ಕೈ ಹಿಡಿದಿರಲಿಲ್ಲ ಎಂಬುದು ಅವನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಪದ್ಮಜಾ ಆ ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ ಇಡುತ್ತಿದ್ದಳು.

ಕನ್ನಡದವರೆಲ್ಲರೂ ಅವಳನ್ನು ಕೂರಿಸುವವರೇ. ದಸರೆಯ ಗೊಂಬೆ ನೋಡಲು ನ್ಯೂಯಾರ್ಕಿನ ಆಚೆ ಜೆರಿಕೋದಲ್ಲಿರುವ ಮೈಸೂರಿನ ತ್ರಿಪುರಸುಂದರಿಯ ಮನೆಗೆ ಹೋದರೆ ಕೋಸಂಬರಿಗಿಂತ ಮುಂಚೆ ಕುರ್ಚಿ ಬರುತ್ತಿತ್ತು. "ಅಯ್ಯೋ ಪಾಪ, ನೀವು ಯಾಕೆ ನಿಂತಿದೀರಿ, ಕೂತ್ಕೊಳ್ಳಿ ಪದ್ಮಜಾ." ಆ 'ಪಾಪ'ವನ್ನು ಕೇಳಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಕೂತರೆ ಕಾಲಲ್ಲಿರುವ ಮೊಳೆಗಳು ಎದೆಗೆ ಹತ್ತಿದ ಹಾಗಾಗುತ್ತದೆ ಎಂದು ಯಾರಿಗೆ ಹೇಳುವುದು? ಹೇಳಿದರೆ ಇನ್ನೊಂದು ದಿಂಬು ತಂದುಕೊಡುತ್ತಿದ್ದರು.

ಹೀಗೆ ನಾಲ್ಕು ಗೋಡೆಗಳ ನಡುವೆ ಸುತ್ತಿ ಸುತ್ತಿ ಕಾರ್ಪೆಟ್ಟು ಸವೆಸಿದವಳಿಗೆ ೧೯೭೪ರ ಸೆಪ್ಟೆಂಬರಿನಲ್ಲಿ ಒಂದು ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಹೋದರೆ ಸ್ವಲ್ಪವೇ ದೂರದಲ್ಲಿ, ನದಿ ಪಕ್ಕದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೀನು ನೋಡಿಕೊಳ್ಳುವ ಕೆಲಸ. ಕನ್ನಡದವರ ಮನೆಗಳಲ್ಲಿ ಈ ಸುದ್ದಿಗೆ ಬಾಯಿ ಚಪ್ಪರಿಸದವರಿಲ್ಲ. ಆಚಾರ್ಯರ ಮನೆತನದ ಹುಡುಗಿ, ಮೀನಿಗೆ ಊಟ ಹಾಕಿ ಬರುತ್ತಾಳಂತೆ, ಬಂದು ತಲೆಗೆ ಸ್ನಾನ ಮಾಡುತ್ತಾಳೋ ಇಲ್ಲವೋ. ಮಾಡುತ್ತಿದ್ದಳು. ಆದರೂ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ, ಅದು ಬೇರೆ ಮಾತು.

ಮೀನುಗಳು ಅಲ್ಲಿಯವಲ್ಲ. ದೇಶದ ನಟ್ಟನಡುವಿನ ಒಂದು ದೊಡ್ಡ ನದಿಯಲ್ಲಿ, ಆಣೆಕಟ್ಟಿನ ಕೆಳಗೆ ಹಿಡಿದು, ಲಾರಿಯ ತೊಟ್ಟಿಯಲ್ಲಿ ಹಾಕಿ ತಂದವು. ಇಂಗ್ಲಿಷಿನಲ್ಲಿ ಪ್ಯಾಡಲ್‌ಫಿಶ್ ಎನ್ನುತ್ತಾರೆ. ಮೈಮೇಲೆ ಹುರುಪೆಯಿಲ್ಲ, ಒಳಗೆ ಮೂಳೆ ಇಲ್ಲವೆಂದೇ ಹೇಳಬಹುದು, ಎಲ್ಲ ಮೆತ್ತನೆಯ ಮೃದ್ವಸ್ಥಿ. ಕಣ್ಣು ಮೆಣಸಿನ ಕಾಳಿನಷ್ಟು. ಮೂತಿಯ ಮುಂದೆ ಮಾತ್ರ ಮೈಯ ಮೂರನೇ ಒಂದು ಪಾಲಿನಷ್ಟು ಉದ್ದದ ಚಪ್ಪಟೆ ಕೊಂಬು, ನಮ್ಮ ಅನ್ನ ಬಡಿಸುವ ಸಟ್ಟುಗದ ಹಾಗೆ. ಮೊದಲ ದಿನವೇ ಪದ್ಮಜಾ ಅದಕ್ಕೆ ಸಟ್ಟುಗದ ಮೀನು ಎಂದು ಹೆಸರಿಟ್ಟಳು. ಆ ಸಟ್ಟುಗ ಯಾತಕ್ಕಿದೆ ಎಂದು ಆಗ ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಕೆಸರು ಕೆದಕಲು ಎಂದು ಕೆಲವರು, ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಆಹಾರವನ್ನು ಪತ್ತೆ ಮಾಡಲು ಎಂದು ಕೆಲವರು.

ಈ ಮೀನಿನ ಇನ್ನೊಂದು ಗುಣ ಅವಳಿಗೆ ಕೇಳಿದ ಕೂಡಲೇ ಹಿಡಿಸಿತು. ಇದು ನಿಲ್ಲುವುದಿಲ್ಲ. ಬಾಯಿ ತೆರೆದುಕೊಂಡು ಹಗಲೂ ರಾತ್ರಿ ಈಜುತ್ತಲೇ ಇರಬೇಕು. ಈಜಿದರೆ ನೀರು ಬಾಯಿಂದ ಕಿವಿರುಗಳ ಮೂಲಕ ಹಾದುಹೋಗುತ್ತದೆ, ಊಟವೂ ಆಯಿತು, ಉಸಿರೂ ಆಯಿತು. ನಿಂತರೆ ಉಸಿರುಗಟ್ಟಿ ಸಾಯುತ್ತದೆ.

ವಸಂತದಲ್ಲಿ ಮೊಟ್ಟೆಯಿಡಲು ಈ ಮೀನುಗಳು ಹೊಳೆಯ ಮೇಲ್ಭಾಗಕ್ಕೆ ಹೊರಡುತ್ತವೆ. ಲಕ್ಷಾಂತರ ವರ್ಷ ಹಾಗೇ ಹೋಗಿವೆ. ಈಗ ನಡುವೆ ಆಣೆಕಟ್ಟಿನ ಗೋಡೆ. ಗೋಡೆಯ ಬುಡದಲ್ಲಿ ಗುಂಪುಗೂಡಿ ತಿರುಗುತ್ತವೆ, ಬಾಗಿಲಿಗೆ ಬಡಿದುಕೊಳ್ಳುತ್ತವೆ, ಕಬ್ಬಿಣದ ಸರಳುಗಳಿಗೆ ಸಿಕ್ಕುತ್ತವೆ, ಮೋಟಾರು ದೋಣಿಗಳ ಅಡಿಯಲ್ಲಿ ತಿರುಗುವ ಚಕ್ರಕ್ಕೆ ಬೆನ್ನು ಕೊಡುತ್ತವೆ. ಪ್ರೊಫೆಸರ್ ಹೆಂಡ್ರಿಕ್ಸ್ ಎಂಬ ಎತ್ತರದ, ಮಾತು ಕಡಿಮೆಯ ಮನುಷ್ಯ ಈ ಗಾಯಗಳನ್ನೇ ಅಭ್ಯಾಸ ಮಾಡುತ್ತಿದ್ದವರು. ಬಂದ ಐದು ಮೀನುಗಳಲ್ಲಿ ನಾಲ್ಕು ಸುಮಾರಾಗಿದ್ದವು, ಅವನ್ನು ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು. ಐದನೆಯದರ ಸಟ್ಟುಗ ಅರ್ಧಕ್ಕೇ ಮುರಿದಿತ್ತು, ಅದು ಸರಿಯಾಗಿ ತಿನ್ನುತ್ತಿರಲಿಲ್ಲ, ತೊಟ್ಟಿಯ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಬೇರೆ ತೊಟ್ಟಿ ಬೇಕು, ದಿನವಿಡೀ ಒಬ್ಬರು ಬೇಕು. ಪದ್ಮಜಾಳನ್ನು ತೆಗೆದುಕೊಂಡದ್ದು ಅದಕ್ಕಾಗಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಅದರ ತೂಕ ಏರದಿದ್ದರೆ ಅದನ್ನು ಕೊಂದು ಫಾರ್ಮಲಿನ್ ಜಾಡಿಗೆ ಹಾಕುವುದು, ಅಲ್ಲಿಗೆ ಅವಳ ಕೆಲಸವೂ ಮುಗಿಯುವುದು. ಹೆಂಡ್ರಿಕ್ಸ್ ಇದನ್ನು ಮೊದಲ ದಿನವೇ ಹೇಳಿದ್ದರು.

ಜಯತೀರ್ಥ ಒಪ್ಪಿದ್ದೂ ಅಷ್ಟಕ್ಕೇ. ಆ ಮೀನು ಇರುವತನಕ ಹೋಗು, ಆದರೆ ಹಿಮ ಬಿದ್ದ ಮೇಲೆ ಮಾತ್ರ ಬೇಡ ಎಂದ. ಆಣೆಕಟ್ಟಿನ ಮಾತು ಬಂದರೆ ಅವನಿಗೆ ಸ್ವಲ್ಪ ಚುರುಕು ಮುಟ್ಟುತ್ತಿತ್ತು. ನ್ಯೂಯಾರ್ಕಿನ ಆಫೀಸಿನಲ್ಲಿ ಅವನು ಬರೆಯುತ್ತಿದ್ದುದು ಆಣೆಕಟ್ಟಿನ ಬಾಗಿಲುಗಳ, ಸರಳುಗಳ ನಕ್ಷೆಯನ್ನೇ. ಮಲಪ್ರಭೆಗೆ ಕಟ್ಟೆ ಕಟ್ಟದಿದ್ದರೆ ನಮ್ಮ ಸೀಮೆಯ ಹೊಲಗಳಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದ. ಕಟ್ಟಬೇಡಿ ಎಂದು ತಾನು ಹೇಳಿಲ್ಲವಲ್ಲ ಎಂದಳು ಅವಳು. ಸರಳು ಸರಳಿನ ನಡುವೆ ಎಷ್ಟು ಸಂದು ಬಿಡುತ್ತೀರಿ, ಅದರಲ್ಲಿ ಒಂದು ಮೀನು ಹಾಯುತ್ತದೆಯೇ ಎಂದಷ್ಟೇ ಕೇಳಿದಳು. ಅವನು ಸಂದಿನ ಅಳತೆ ಹೇಳಿದ. ಮೀನಿನ ಅಳತೆ ಅವನಿಗೆ ಗೊತ್ತಿರಲಿಲ್ಲ.

ಪ್ರಯೋಗಾಲಯದ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಹೊಳೆಯಲ್ಲಿ ಸಿಕ್ಕ ಒಂದು ಮುದಿ ಮೀನು. ಬೆನ್ನ ಮೇಲೆ ದೋಣಿಯ ಚಕ್ರ ಕೊಯ್ದ ಗೆರೆಗಳು, ಎಲ್ಲ ಮಾಗಿದವು. ಸಟ್ಟುಗ ಬುಡದಿಂದಲೇ ಇಲ್ಲ, ಅಲ್ಲಿ ನುಣ್ಣನೆಯ ಗಂಟು. ಆದರೆ ಹೊಟ್ಟೆ ತುಂಬಿ ದುಂಡಗೆ, ಎಷ್ಟೋ ವರ್ಷ ಹಾಗೇ ತಿರುಗಿ ತಿಂದು ಬದುಕಿದ್ದು. ಪದ್ಮಜಾ ಕೋಟು ನೇತುಹಾಕುವಾಗ ದಿನವೂ ಅದನ್ನು ನೋಡುವಳು. ವಿದ್ಯಾರ್ಥಿಯೊಬ್ಬ ಒಂದು ಸಲ ಅವಳ ಕಾಲನ್ನೂ ಫೋಟೋವನ್ನೂ ನೋಡಿ ಏನೋ ಹಿತವಾದ ಮಾತು ಹೇಳಲು ಬಾಯಿ ತೆರೆದ. ಅವಳು ಅವನ ಕೈಗೆ ಬಕೆಟ್ಟು ಕೊಟ್ಟು ಕಳಿಸಿದಳು.

ಅಕ್ಟೋಬರ್ ಕಳೆಯುವಷ್ಟರಲ್ಲಿ ಅವಳ ಮೀನು ತಿನ್ನಲು ಕಲಿತಿತ್ತು. ಗೋಡೆಗೆ ಬಡಿದುಕೊಳ್ಳುವುದು ಕಡಿಮೆಯಾಗಿತ್ತು, ತೂಕ ಒಂದಿಷ್ಟು ಏರಿತ್ತು. ಅಷ್ಟರಲ್ಲಿ ಮುರಿದ ಜಾಗದಲ್ಲಿ ಬಿಳಿಯ ಬೂಷ್ಟು ಹಿಡಿಯಿತು, ಹತ್ತಿ ಅಂಟಿಸಿದ ಹಾಗೆ. ಹೆಂಡ್ರಿಕ್ಸ್ ಎರಡು ಸಲ ಹಸಿರು ಬಣ್ಣದ ಔಷಧಿ ಹಾಕಿ ನೋಡಿದರು. ಬೂಷ್ಟು ಹೋಗಲಿಲ್ಲ. ಮೂರನೆಯ ಸಲ ಹಾಕಿದರೆ ಮೀನೇ ಹೋಗುತ್ತದೆ ಎಂದು ಸುಮ್ಮನಾದರು. ಅವರು ಸುಮ್ಮನಾದ ಬಗೆ ಪದ್ಮಜಾಗೆ ಅರ್ಥವಾಯಿತು. ಕಪಾಟಿನಲ್ಲಿ ಒಂದು ಉದ್ದನೆಯ ಖಾಲಿ ಜಾಡಿಯನ್ನು ಯಾರೋ ಆಗಲೇ ತೊಳೆದು ಇಟ್ಟಿದ್ದರು.

ಆ ವಾರವೆಲ್ಲ ಅವಳು ಮನೆಯಲ್ಲಿ ಹುಚ್ಚು ಹಿಡಿದವಳಂತೆ ತಿರುಗಿದಳು. ಜಯತೀರ್ಥ ಕೂಡು ಎಂದ. ಅವಳು ಕೂತರೆ ಆ ಜಾಡಿ ಕಣ್ಣ ಮುಂದೆ ಬರುತ್ತಿತ್ತು, ಜಾಡಿಯ ಹಿಂದೆ ಕೆಂಪು ಸ್ಟೂಲು.

ಶನಿವಾರ ಪ್ರಯೋಗಾಲಯದಲ್ಲಿ ಯಾರೂ ಇರುವುದಿಲ್ಲ. ಆ ಶನಿವಾರ ಪದ್ಮಜಾ ಕೈಚೀಲದಲ್ಲಿ ಒಂದು ಸಣ್ಣ ಬಟ್ಟಲು ಇಟ್ಟುಕೊಂಡು ಬಸ್ಸು ಹತ್ತಿದಳು. ಬಟ್ಟಲಲ್ಲಿ ಅರಿಷಿಣ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದು. ಮಾಳಮಡ್ಡಿಯ ಮನೆಯಲ್ಲಿ ಮಂಡಿ ತರಚಿದರೆ, ಕರುವಿನ ಕಾಲಿಗೆ ಮುಳ್ಳು ಚುಚ್ಚಿದರೆ, ಇಳಿಗೆಮಣೆ ಬೆರಳು ಕೊಯ್ದರೆ ಅವ್ವ ಹಚ್ಚುತ್ತಿದ್ದುದು ಅದನ್ನೇ. ಪ್ರಾಣಿಶಾಸ್ತ್ರ ಓದಿದವಳಿಗೆ ಮೀನಿನ ಕಿವಿರಿಗೆ ಎಣ್ಣೆ ಅಂಟಿದರೆ ಏನಾಗುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಳು. ಆದರೆ ಗಾಯ ಎಂದ ಕೂಡಲೇ ನಮ್ಮವರ ಕೈ ಪುಸ್ತಕದ ಕಡೆ ಹೋಗುವುದಿಲ್ಲ, ಅಡುಗೆಮನೆಯ ಕಡೆ ಹೋಗುತ್ತದೆ.

ಒದ್ದೆ ಬಟ್ಟೆಯ ಜೋಳಿಗೆಯಲ್ಲಿ ಮೀನನ್ನು ಹಿಡಿದು, ಮೂತಿಯನ್ನಷ್ಟೇ ನೀರಿನ ಮೇಲೆತ್ತಿ, ಬೂಷ್ಟನ್ನು ಒರೆಸಿ ಅರಿಷಿಣ ಹಚ್ಚಿದಳು. ಮೀನು ಒಮ್ಮೆ ಮೈ ತಿರುಚಿ ಕೊಡವಿತು. ಬಟ್ಟಲು ಅವಳ ಕೈ ಜಾರಿ ತೊಟ್ಟಿಯೊಳಗೆ ಮುಳುಗಿತು. ನೀರೆಲ್ಲ ಹಳದಿಯಾಗಿ, ಮೇಲೆ ಎಣ್ಣೆಯ ಪದರ ಬಣ್ಣ ಬಣ್ಣವಾಗಿ ಹರಡಿಕೊಂಡಿತು. ಮೀನು ಅದರಲ್ಲೇ ಬಾಯಿ ತೆರೆದುಕೊಂಡು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತಿಗೆ ನಿಧಾನವಾಯಿತು. ಆಮೇಲೆ ಬಾಲ ನಿಂತಿತು. ಪಕ್ಕಕ್ಕೆ ವಾಲಿಕೊಂಡು ತಳ ಮುಟ್ಟಿತು.

ಕೈಯಾರೆ ಕೊಂದೆ ಎಂದುಕೊಂಡಳು ಪದ್ಮಜಾ. ಬಾಯಿಬಿಟ್ಟು ಅತ್ತಳು ಕೂಡ, ಆದರೆ ಅಳುತ್ತಾ ನಿಲ್ಲಲಿಲ್ಲ. ಹೊಸ ನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಬೂಟು ಕಳಚಿ, ಸೀರೆ ಎತ್ತಿ ಕಚ್ಚೆಯಂತೆ ಹಿಂದಕ್ಕೆ ಸಿಕ್ಕಿಸಿ, ಸೊಂಟದ ಎತ್ತರದ ತಣ್ಣೀರಿಗೆ ಇಳಿದಳು. ಮೀನನ್ನು ಎರಡೂ ಅಂಗೈಗಳ ಮೇಲೆ ಮಲಗಿಸಿಕೊಂಡು, ಬಾಯಿ ತೆರೆದಿರುವಂತೆ ಹಿಡಿದು, ಮುಂದಕ್ಕೆ ನಡೆಯತೊಡಗಿದಳು. ಅದು ಈಜದಿದ್ದರೆ ಅವಳೇ ಈಜಿಸಬೇಕು. ನೀರು ಬಾಯಿಂದ ಒಳಹೊಕ್ಕು ಕಿವಿರು ತೊಳೆದು ಹೊರಗೆ ಹೋಗುತ್ತಿರಬೇಕು.

ತೊಟ್ಟಿ ದುಂಡಗಿತ್ತು. ಅವಳು ಸುತ್ತು ಹಾಕಿದಳು. ಮಾರುತಿ ಗುಡಿಯಲ್ಲಿ ಹರಕೆ ಹೊತ್ತು ಪ್ರದಕ್ಷಿಣೆ ಬರುವವರ ಹಾಗೆ ಎಣಿಕೆ ತಪ್ಪುವಷ್ಟು ಸುತ್ತು. ಚಳಿಗೆ ಎಡಗಾಲಿನ ಮೊಳೆಗಳು ಒಂದೊಂದೇ ಎಚ್ಚರಗೊಂಡವು. ಒಳಕ್ಕೆ ತಿರುಗಿದ ಪಾದ ನುಣುಪು ನೆಲದ ಮೇಲೆ ಜಾರುತ್ತಿತ್ತು. ಒಂದು ಸಲ ಮಂಡಿಯೂರಿ ಬಿದ್ದಳು, ಮೀನನ್ನು ಮಾತ್ರ ಬಿಡಲಿಲ್ಲ. ಹಳದಿ ನೀರು ನಿಧಾನವಾಗಿ ತಿಳಿಯಾಯಿತು. ಮೀನು ಸತ್ತಿರಲಿಲ್ಲ, ಬದುಕಿರಲೂ ಇಲ್ಲ. ಅಂಗೈಯಲ್ಲಿ ಎಲ್ಲೋ ಒಂದು ಸಣ್ಣ ಮಿಡಿತ, ಅದೂ ಅದರದ್ದೋ ತನ್ನದೋ ಗೊತ್ತಾಗುತ್ತಿರಲಿಲ್ಲ.

ಸಂಜೆ ಕರೆದುಕೊಂಡು ಹೋಗಲು ಬಂದ ಜಯತೀರ್ಥ ಹೊರಗೆ ಕಾರಿನಲ್ಲಿ ಕಾದು, ಹಾರ್ನು ಮಾಡಿ, ಕೊನೆಗೆ ಒಳಗೆ ಬಂದ. ಹೆಂಡತಿ ಸೊಂಟದ ತನಕ ನೀರಿನಲ್ಲಿ, ತುಟಿ ನೀಲಿ, ಹಳದಿ ಕೈಗಳ ಮೇಲೆ ಒಂದು ಹೆಣದಂಥ ಮೀನು. ಬಾಗಿಲಲ್ಲೇ ಅವನ ಬಾಯಿಗೆ ಬಂದದ್ದು ಆ ಒಂದೇ ಮಾತು. "ಪದ್ದೂ, ಹೊರಗ ಬಾ. ಕೂಡು."

"ನಿಂತ್ರ ಸಾಯ್ತದರೀ ಇದು," ಎಂದಳು ಅವಳು. ನಿಲ್ಲದೇ ಹೇಳಿದಳು. ಮುಂದಿನ ಸುತ್ತಿನಲ್ಲಿ ಅವನ ಎದುರಿಗೆ ಬಂದಾಗ ಉಳಿದದ್ದನ್ನು ಹೇಳಿದಳು. "ಕೂತ್ರ ನಾನೂ ಸಾಯ್ತೀನಿ. ನಾಕು ವರ್ಷ ಆತು, ನಿಮಗ ಹೇಳಲಿಕ್ಕೆ ಆಗಿಲ್ಲ."

ಅವಳು ಇನ್ನೊಂದು ಸುತ್ತು ಹೋಗಿ ಬರುವಷ್ಟರಲ್ಲಿ ಅವನು ತೊಟ್ಟಿಯ ಅಂಚು ದಾಟುತ್ತಿದ್ದ, ಹಾಕಿಕೊಂಡ ಪ್ಯಾಂಟಿನಲ್ಲೇ, ಕಾಲುಚೀಲವನ್ನೂ ತೆಗೆಯದೇ. ನೀರಿನ ತಂಪಿಗೆ ಒಮ್ಮೆ ಉಸಿರು ಎಳೆದುಕೊಂಡ. ಅವಳು ಮೀನನ್ನು ಅವನ ಕೈಗಿತ್ತಳು. ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಬಾಯಿ ಮುಚ್ಚದ ಹಾಗೆ ಹಿಡಿಯಿರಿ, ಹಿಂದಕ್ಕೆ ಎಳೆಯಬೇಡಿ, ಮುಂದಕ್ಕೇ ಹೋಗಿ ಎಂದು ಅವಳು ಪಕ್ಕದಲ್ಲಿ ನಡೆಯುತ್ತಾ ಹೇಳಿಕೊಟ್ಟಳು. ನೀರನ್ನು ತಡೆದು ನಿಲ್ಲಿಸುವ ಬಾಗಿಲು ಬರೆಯುವವನು ನೀರನ್ನು ಒಂದು ಬಾಯಿಯೊಳಗೆ ನುಗ್ಗಿಸುತ್ತಾ ಸುತ್ತತೊಡಗಿದ.

"ಎಷ್ಟೊತ್ತು ಹಿಂಗ?" ಎಂದು ಕೇಳಿದ ಒಮ್ಮೆ.

"ಅದು ತಾನ ಹೋಗೋತನಕ."

ಅದು ತಾನೇ ಹೋದಾಗ ಕಿಟಕಿಯಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಮೊದಲು ಬಾಲ ಒಮ್ಮೆ ಅಲುಗಿತು. ಆಮೇಲೆ ಮೈ ಗಟ್ಟಿಯಾಯಿತು. ಜಯತೀರ್ಥ ಭಯದಿಂದ ಕೈ ಬಿಟ್ಟ. ಮೀನು ವಾಲಿತು, ಸಾವರಿಸಿಕೊಂಡಿತು, ಅರ್ಧ ಸಟ್ಟುಗದಿಂದ ಗೋಡೆಗೆ ಒಮ್ಮೆ ಗುದ್ದಿ ತಿರುಗಿಕೊಂಡಿತು, ಬಾಯಿ ತೆರೆದುಕೊಂಡು ಅವರಿಬ್ಬರ ಕಾಲುಗಳನ್ನು ಸುತ್ತಿ ಹೋಯಿತು. ಪದ್ಮಜಾ ನಡುಗುತ್ತಾ ನಿಂತಿದ್ದಳು, ಗಂಡನ ತೋಳು ಹಿಡಿದುಕೊಂಡು. ಕಾರಿನಲ್ಲಿ ಮನೆಯ ತನಕ ಇಬ್ಬರೂ ಹೀಟರಿಗೆ ಕೈ ಚಾಚಿಕೊಂಡು ಕೂತಿದ್ದರು. ಕಾರಿನಲ್ಲಿ ಕೂರುವುದು ಬೇರೆ, ಕಾರು ಹೋಗುತ್ತಿರುತ್ತದೆ.

ಸೋಮವಾರ ಬೆಳಿಗ್ಗೆ ಅವಳು ಹೆಂಡ್ರಿಕ್ಸ್ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಕೆಲಸ ಹೋಗುತ್ತದೆ ಎಂದೇ ಹೋಗಿದ್ದಳು. ಅವರು ತೊಟ್ಟಿಯ ಅಂಚಿನಲ್ಲಿ ಉಳಿದ ಹಳದಿ ಗೆರೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಮನೆಮದ್ದೇ ಮಾಡಬೇಕೆಂದಿದ್ದರೆ ನೀರಿಗೆ ಒಂದಿಷ್ಟು ಉಪ್ಪು ಹಾಕಿದ್ದರೂ ಸಾಕಿತ್ತಲ್ಲ, ಬೂಷ್ಟಿಗೆ ಅದು ಹಳೆಯ ಮದ್ದು ಎಂದರು. ಪದ್ಮಜಾಗೆ ಪಶ್ಚಾತ್ತಾಪವೆಲ್ಲ ಹಾರಿಹೋಗಿ ಸಿಟ್ಟು ನೆತ್ತಿಗೇರಿತು. ಉಪ್ಪು ಸಾಕು ಎಂದು ಗೊತ್ತಿದ್ದೂ ನೀವೇಕೆ ಹಾಕಲಿಲ್ಲ ಎಂದು ಕೇಳಿಯೇಬಿಟ್ಟಳು. ಅವರು ಕನ್ನಡಕ ತೆಗೆದು ಒರೆಸಿದರು. ಇದು ಹೇಗೂ ಬದುಕುವ ಮೀನಲ್ಲ ಎಂದು ಅಂದುಕೊಂಡಿದ್ದೆ ಎಂದರು. ಆಮೇಲೆ ತಾವೇ ಹೋಗಿ ಉಪ್ಪಿನ ಚೀಲ ಹೊತ್ತು ತಂದರು.

ಬೂಷ್ಟು ಬಿಟ್ಟಿತು. ಉಪ್ಪಿಗೋ, ಮುಂಚೆ ಹಾಕಿದ ಔಷಧಿಗೋ, ಹೊಸ ನೀರಿಗೋ ಯಾರು ಹೇಳಬೇಕು. ಅರಿಷಿಣಕ್ಕೆ ಎಂದು ಪದ್ಮಜಾ ಯಾರ ಮುಂದೆಯೂ ಹೇಳಲಿಲ್ಲ, ಒಳಗೊಳಗೇ ಏನು ಅಂದುಕೊಂಡಳೋ ಅದು ಅವಳಿಗೇ ಗೊತ್ತು. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ ತೂಗಿದಾಗ ತೂಕ ಏರಿತ್ತು. ಉದ್ದನೆಯ ಜಾಡಿಯಲ್ಲಿ ವಿದ್ಯಾರ್ಥಿಗಳು ಪೆನ್ಸಿಲು ಇಟ್ಟುಕೊಂಡರು. ವಸಂತದ ತನಕ ಇರಿ ಎಂದು ಹೆಂಡ್ರಿಕ್ಸ್ ಅವಳಿಗೆ ಹೇಳಿದರು.

ಆದರೆ ಹಿಮದ ಮಾತು ಹಾಗೇ ಉಳಿದಿತ್ತು. ಜಯತೀರ್ಥ ಅದನ್ನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಡಿಸೆಂಬರಿನಲ್ಲಿ ಆಕಾಶ ಬೂದಿಬಣ್ಣಕ್ಕೆ ತಿರುಗಿದಾಗಲೆಲ್ಲ ಅವಳು ಕಿಟಕಿಯಿಂದ ಕಿಟಕಿಗೆ ತಿರುಗುವಳು. ಈ ಸಲ ಜಗಳ ಆಡಿಯೇ ಸೈ ಎಂದು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು, ಮಾಳಮಡ್ಡಿಯ ಮಾತುಗಳು, ಒಂದೊಂದೂ ಮೆಣಸಿನಕಾಯಿ.

ಒಂದು ದಿನ ಎದ್ದಾಗ ಹೊರಗೆಲ್ಲ ಬೆಳ್ಳಗೆ. ರಾತ್ರಿ ಬಿದ್ದ ಹಿಮ ಬೆಳಗಿನ ಚಳಿಗೆ ಗಾಜಾಗಿತ್ತು. ಹಾಸಿಗೆಯಲ್ಲಿ ಜಯತೀರ್ಥ ಇರಲಿಲ್ಲ. ಅಡುಗೆಮನೆಗೆ ಬಂದರೆ ಒಲೆಯ ಮುಂದೆ ಸ್ಟೂಲೂ ಇರಲಿಲ್ಲ, ಹಿಟ್ಟಿನ ಡಬ್ಬಿ ನೆಲದ ಮೇಲಿತ್ತು. ಅವಳು ಕಿಟಕಿಯ ಪರದೆ ಸರಿಸಿದಳು.

ಅವನು ಹೊರಗಿದ್ದ. ಮಫ್ಲರು ಸುತ್ತಿಕೊಂಡು, ನ್ಯೂಯಾರ್ಕಿನ ಬಸ್ಸು ತಪ್ಪಿಸಿಕೊಂಡು, ಆ ಕೆಂಪು ಸ್ಟೂಲನ್ನು ಹೆಜ್ಜೆ ಹೆಜ್ಜೆಗೂ ಮುಂದಕ್ಕೆ ಸರಿಸುತ್ತಾ, ಅದರ ಮೇಲಿಟ್ಟ ದೊಡ್ಡ ಚೀಲದಿಂದ ಹಿಡಿ ಹಿಡಿ ಕಲ್ಲುಪ್ಪು ತೆಗೆದು ನೆಲಕ್ಕೆ ಹಾಕುತ್ತಿದ್ದ. ರಂಗೋಲಿ ಹಾಕುವವರ ಹಾಗೆ ಬಗ್ಗಿ, ಒಂದು ಚೂರೂ ಜಾಗ ಬಿಡದೇ. ಮೆಟ್ಟಿಲಿಂದ ಹಿಡಿದು, ಅವಳು ಬಿದ್ದಿದ್ದ ಜಾಗ ದಾಟಿ, ಅವಳ ಬಸ್ಸು ನಿಲ್ಲುವ ಕಂಬದ ತನಕ, ಉಪ್ಪಿಗೆ ಮಂಜುಗಡ್ಡೆ ಕರಗಿ ಕಪ್ಪಗೆ ಒದ್ದೆಯಾದ ಒಂದು ದಾರಿ ಹೋಗಿತ್ತು.

ಪದ್ಮಜಾ ಕೋಟು ಹಾಕಿಕೊಂಡು ಇಳಿದಳು. ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವನು ಮುಖ ಆಚೆ ತಿರುಗಿಸಿ ಇನ್ನೊಂದು ಹಿಡಿ ಹಾಕಿದ.

"ನಿಮ್ಮ ಪ್ರೊಫೆಸರ್ ಹೇಳ್ಯಾರಲ್ಲಾ," ಎಂದ, "ಉಪ್ಪು ಹಾಕಿದ್ರ ಸಾಕಂತ."

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಅವನು ಹಾಕಿದ ದಾರಿಯ ಮೇಲೆ ಕುಂಟುತ್ತಾ, ಯಾರ ಕೈಯನ್ನೂ ಹಿಡಿಯದೇ ನಡೆದು ಹೋದಳು. ಬಸ್ಸಿನಲ್ಲಿ ಸೀಟುಗಳೆಲ್ಲ ಖಾಲಿ ಇದ್ದವು. ಅವಳು ಕಂಬಿ ಹಿಡಿದು ನಿಂತುಕೊಂಡೇ ಹೋದಳು.